ನೀರಿಗಿಳಿಯುವ ಮುನ್ನ

ನ್ಯೂಯಾರ್ಕ್ ಎಂದೊಡನೆ ಗಗನಚುಂಬಿ ಸೌಧಗಳನ್ನೂ ಕುಬೇರರ ವೈಭವವನ್ನೂ ನೆನೆಯುವ ನಮಗೆ, ಆ ಮಹಾನಗರವು ಗ್ರೀಷ್ಮದ ತಾಪದಲ್ಲಿ ಬೇಯುವ ತನ್ನ ಪೌರರಿಗಾಗಿ ಬಯಲಿನಲ್ಲಿ ವಿಶಾಲವಾದ ಈಜುಕೊಳಗಳನ್ನು ನಿರ್ಮಿಸಿ, ಜೂನ್ ತಿಂಗಳ ಕೊನೆಯಿಂದ ಸೆಪ್ಟೆಂಬರಿನ ಆರಂಭದವರೆಗೆ ಬಿಡಿಗಾಸನ್ನೂ ಬೇಡದೆ ಅವುಗಳ ಬಾಗಿಲನ್ನು ತೆರೆದಿರಿಸುತ್ತದೆಂಬ ಸಂಗತಿ ಅಷ್ಟಾಗಿ ತಿಳಿದಿಲ್ಲ.

ಇವುಗಳಲ್ಲಿ ಪ್ರಮುಖವಾದ ಹನ್ನೊಂದು ಕೊಳಗಳು ತೆರೆದದ್ದು 1936ರ ಒಂದೇ ಬೇಸಗೆಯಲ್ಲಿ. ನಗರವನ್ನು ಬಳಸಿ ಹರಿಯುವ ನದಿಗಳು ಚರಂಡಿಯ ಕೊಳಚೆಯಿಂದ ಮಲಿನವಾಗಿದ್ದರೂ ಅನ್ಯಗತಿಯಿಲ್ಲದ ಮಕ್ಕಳು ಅವುಗಳಿಗೇ ಧುಮುಕುತ್ತಿದ್ದ ಕಾಲವದು. ಆರ್ಥಿಕ ಮುಗ್ಗಟ್ಟಿನಲ್ಲಿ ಉದ್ಯೋಗ ಕಳೆದುಕೊಂಡವರಿಗೆ ಕೆಲಸ ಕೊಡಲೆಂದು ಸಂಯುಕ್ತ ಸರ್ಕಾರವು ಒದಗಿಸಿದ ದ್ರವ್ಯವನ್ನು, ಯೌವನದಲ್ಲಿ ಸ್ವತಃ ಈಜುಗಾರನಾಗಿದ್ದ ಉದ್ಯಾನಾಧಿಕಾರಿ ರಾಬರ್ಟ್ ಮೋಸಸ್ ಈ ಕಾರ್ಯಕ್ಕೆ ವಿನಿಯೋಗಿಸಿದನು. ಕ್ವೀನ್ಸ್ ಭಾಗದ ಅಸ್ಟೋರಿಯಾ ಉದ್ಯಾನದಲ್ಲಿರುವ ಕೊಳವೇ ಎಲ್ಲಕ್ಕಿಂತ ದೊಡ್ಡದು. 330 ಅಡಿ ಉದ್ದದ ಆ ಜಲರಾಶಿಯ ಪಕ್ಕದಲ್ಲಿ ಈಸ್ಟ್ ನದಿಯೂ, ಅದರ ಮೇಲೆ ಎರಡು ಮಹಾಸೇತುವೆಗಳೂ ಕಾಣುತ್ತವೆ. ಅದು ತೆರೆದ ವರ್ಷವೇ ಬರ್ಲಿನ್ ಒಲಿಂಪಿಕ್ಸ್‌ಗೆ ಅಮೆರಿಕದ ಆಯ್ಕೆಸ್ಪರ್ಧೆಗಳೂ ಅಲ್ಲಿ ನಡೆದವು.

ಆದರೆ ಹಣ ಕೇಳದ ಈ ಕೊಳಗಳು ಶಿಸ್ತನ್ನು ಮಾತ್ರ ಬಿಡದೆ ವಸೂಲು ಮಾಡುತ್ತವೆ. ಬಟ್ಟೆಬರೆಗಳನ್ನಿಡುವ ಪೆಟ್ಟಿಗೆಗೆ ಬೀಗವನ್ನು ಬಂದವರೇ ತರತಕ್ಕದ್ದು, ಬೀಗವಿಲ್ಲದವನಿಗೆ ಪ್ರವೇಶವಿಲ್ಲ. ಈಜುಡುಗೆಯ ಮೇಲೆ ಅಂಗಿ ತೊಡುವುದಾದರೆ ಅದು ಅಚ್ಚ ಬಿಳಿಯದಾಗಿರಬೇಕು. ಗಂಡಸರ ಚಡ್ಡಿಗೆ ಒಳಗೆ ಜಾಲರಿಯ ಅಸ್ತರಿರಬೇಕೆಂಬ ನಿಯಮವುಂಟಾದುದರಿಂದ, ಬಾಗಿಲಲ್ಲಿ ನಿಂತ ಸಿಬ್ಬಂದಿ ಕೇಳಿದೊಡನೆ ಎಂಥ ಗಣ್ಯನಾದರೂ ಸೊಂಟದ ಪಟ್ಟಿಯನ್ನು ಕೊಂಚ ಹೊರಳಿಸಿ ತೋರಿಸಲೇಬೇಕು. ತಿಂಡಿ, ಗಾಜಿನ ಸೀಸೆ ನಿಷಿದ್ಧ. ಪುಸ್ತಕ ಒಯ್ಯಬಹುದು, ಹಾಳೆ ಬಿಡಿಬಿಡಿಯಾಗಿ ಹಾರಿ ನೀರಿಗೆ ಬೀಳಬಲ್ಲ ವೃತ್ತಪತ್ರಿಕೆಯನ್ನು ಒಯ್ಯುವಂತಿಲ್ಲ. ಹನ್ನೊಂದರಿಂದ ಏಳರವರೆಗಿನ ಅವಧಿಯಲ್ಲಿ, ಮಧ್ಯಾಹ್ನ ಮೂರಕ್ಕೆ ಸಿಳ್ಳು ಕೇಳಿತೆಂದರೆ ಎಲ್ಲರೂ ಮೇಲೇರಿ ಹೊರನಡೆಯತಕ್ಕದ್ದು. ಒಂದು ಗಂಟೆ ಶುಚಿಕಾರ್ಯ.

ಈ ನಿಯಮಗಳಲ್ಲಿ ಅತ್ಯಂತ ಮುಖ್ಯವೂ ಅತ್ಯಂತ ಅಲಕ್ಷಿತವೂ ಆದದ್ದು, ನೀರಿಗಿಳಿಯುವ ಮುನ್ನ ಮೈ ತೊಳೆಯಬೇಕೆಂಬ ವಿಧಿ. ಕೊಳದ ಬಳಿ ಮೂಗಿಗೆ ಅಡರುವ ಘಾಟನ್ನು ಜನ ಕ್ಲೋರಿನ್ನಿನ ವಾಸನೆಯೆಂದೂ, ಅದು ಹೆಚ್ಚಿದಷ್ಟೂ ನೀರು ಶುದ್ಧವೆಂದೂ ಬಗೆಯುತ್ತಾರೆ. ವಾಸ್ತವದಲ್ಲಿ ಕ್ಲೋರಿನ್ನು ಬೆವರು ಮತ್ತು ಮೂತ್ರಗಳೊಡನೆ ಬೆರೆತಾಗ ಹುಟ್ಟುವ ಕ್ಲೋರಮೈನ್ ಎಂಬ ಸಂಯುಕ್ತಗಳೇ ಆ ಘಾಟಿಗೂ ಕಣ್ಣುರಿಗೂ ಕಾರಣ. ಕಲ್ಮಷದೊಡನೆ ಸೆಣಸುವುದರಲ್ಲಿಯೇ ವ್ಯಯವಾದ ಕ್ಲೋರಿನ್ನಿಗೆ ರೋಗಾಣುಗಳನ್ನು ಕೊಲ್ಲುವ ಶಕ್ತಿ ಅಷ್ಟರಮಟ್ಟಿಗೆ ಕುಂದುತ್ತದೆ. ಒಬ್ಬನ ಸೋಮಾರಿತನವನ್ನು ಸಾವಿರ ಜನ ಅನುಭವಿಸಬೇಕಾಗುತ್ತದೆ.

ನಡತೆಯನ್ನು ನಿಯಂತ್ರಿಸುವುದು ಬೇರೆ, ಜನರನ್ನು ಬೇರ್ಪಡಿಸುವುದು ಬೇರೆ. ಈ ಕೊಳಗಳು ಕಾಯಿದೆಯ ದೃಷ್ಟಿಯಲ್ಲಿ ಸರ್ವರಿಗೂ ತೆರೆದಿದ್ದರೂ, ಮೊದಲ ದಶಕಗಳಲ್ಲಿ ಕರಿಯರು ತಮ್ಮ ಬಡಾವಣೆಯಾದ ಹಾರ್ಲೆಮಿನ ಕೊಳಕ್ಕೂ ಬಿಳಿಯರು ತಮ್ಮ ಬಡಾವಣೆಗಳ ಕೊಳಗಳಿಗೂ ಹೋಗುವುದೇ ವಾಡಿಕೆಯಾಗಿತ್ತು. ಬ್ರೂಕ್ಲಿನ್ನಿನ ಮೆಕ್ಯಾರೆನ್ ಕೊಳದ ಕಥೆ ಇನ್ನೂ ಬೋಧಪ್ರದವಾದುದು. ಶಿಥಿಲಗೊಂಡ ಅದನ್ನು 1984ರಲ್ಲಿ ಮುಚ್ಚಿ ದುರಸ್ತಿಗೆ ಹೊರಟಾಗ, ಹೊರಗಿನವರು ಬಂದು ಸೇರುತ್ತಾರೆಂದು ನೆರೆಯ ಕೆಲವರು ಅಡ್ಡಿಮಾಡಿದರು. ತತ್ಫಲವಾಗಿ 2012ರವರೆಗೆ ಅಲ್ಲಿ ಹೊರಗಿನವರಾಗಲಿ ಒಳಗಿನವರಾಗಲಿ ಯಾರೊಬ್ಬರೂ ಈಜಲಾಗಲಿಲ್ಲ. ಬೀಗ ತಂದಿದ್ದೀಯೋ, ಮೈ ತೊಳೆದಿದ್ದೀಯೋ ಎಂದು ಕೇಳುವ ಅಧಿಕಾರ ಸಾರ್ವಜನಿಕ ಕೊಳಕ್ಕೆ ಇರಬೇಕಾದುದೇ. ನೀನು ಯಾವ ಕೇರಿಯವನೆಂದು ಅದು ಕೇಳತೊಡಗಿದ ದಿನವೇ ಅದರ ಸಾರ್ವಜನಿಕತೆ ಮುಗಿಯಿತು.