ಜನಪದ ಹಾಡಿನ ಖರ್ಚು ಯಾರ ಖಾತೆಗೆ?

ರೇಡಿಯೊ ಕೇಳಲು ಇಂದು ನಾವು ಯಾರೂ ಹಣ ಕೊಡುವುದಿಲ್ಲ. ಹಿಂದೆ ಹಾಗಿರಲಿಲ್ಲ. ಮನೆಯಲ್ಲಿ ರೇಡಿಯೊ ಇದ್ದವರು ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. ಹಾಗಾದರೆ ಈಗ ಹಾಡಿನ ಖರ್ಚು ಯಾರ ಖಾತೆಗೆ ಬೀಳುತ್ತದೆ? ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆ ಕುತೂಹಲ ಹುಟ್ಟಿಸಿತು. ಇದಕ್ಕೆ ಉತ್ತರ ಹುಡುಕಿದರೆ, ಖಾಸಗಿ ಎಫ್‌ಎಂನಲ್ಲಿ ಕೋಲಾಟದ ಪದ, ಗೀಗೀ ಪದ, ಬೀಸುವ ಪದ ಏಕೆ ಅಪರೂಪ ಎಂಬುದೂ ತಿಳಿಯುತ್ತದೆ.

ಭಾರತದ ಮೊದಲ ಖಾಸಗಿ ಎಫ್‌ಎಂ ಕೇಂದ್ರವಾದ ರೇಡಿಯೊ ಸಿಟಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲೇ, 2001ರ ಜುಲೈನಲ್ಲಿ. ಖಾಸಗಿ ಕಂಪನಿ ಸರ್ಕಾರದ ಹರಾಜಿನಲ್ಲಿ ತರಂಗಾಂತರ ಪಡೆಯಬೇಕು, ಪ್ರತಿ ವರ್ಷ ಶುಲ್ಕ ಕಟ್ಟಬೇಕು, ಹಾಡುಗಳಿಗೆ ರಾಯಲ್ಟಿ ಕೊಡಬೇಕು, ಸಿಬ್ಬಂದಿಗೆ ಸಂಬಳ ಕೊಡಬೇಕು. ಇಷ್ಟೆಲ್ಲ ಖರ್ಚಿಗೆ ಮುಖ್ಯ ಆದಾಯ ಜಾಹೀರಾತು. ಅದನ್ನು 10 ಸೆಕೆಂಡಿಗೆ ಇಷ್ಟು ಎಂದು ಮಾರುತ್ತಾರೆ. ಅಂದರೆ ಇಲ್ಲಿ ಗ್ರಾಹಕರು ನಾವಲ್ಲ, ಜಾಹೀರಾತುದಾರರು. ನಾವು ಕೇಳುವ ಸಮಯವೇ ಮಾರಾಟದ ಸರಕು. ಹೆಚ್ಚು ಜನ ಕೇಳುವ ಹೊಸ ಸಿನಿಮಾ ಹಾಡು ಹಾಕಿದರೆ ಸರಕು ಹೆಚ್ಚುತ್ತದೆ. ಒಂದು ತಾಲ್ಲೂಕಿನವರಷ್ಟೇ ಬಲ್ಲ ಹಾಡು ಈ ಲೆಕ್ಕದಲ್ಲಿ ಸೋಲುತ್ತದೆ. ಕಂಪನಿಗಳದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ನಷ್ಟದಲ್ಲಿ ಅಂಗಡಿ ನಡೆಸಿ ಎಂದು ಯಾರಿಗೂ ಹೇಳಲಾಗದು.

ಆಕಾಶವಾಣಿಯ ಲೆಕ್ಕ ಬೇರೆ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆರಂಭಿಸಿದ ಕೇಂದ್ರದ ಹೆಸರು ಅದು. ಬೆಂಗಳೂರು ಕೇಂದ್ರ ಶುರುವಾದದ್ದು 1955ರಲ್ಲಿ. ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿಗೆ ಸರ್ಕಾರದ ಅನುದಾನವಿದೆ, ಅಂದರೆ ನಮ್ಮ ತೆರಿಗೆಯ ಹಣ. ಆದ್ದರಿಂದಲೇ ಹಳ್ಳಿಯ ಗಾಯಕರೂ ಧ್ವನಿ ಪರೀಕ್ಷೆಯಲ್ಲಿ ಪಾಸಾಗಿ, ಗ್ರೇಡ್ ಪಡೆದು, ಸಂಭಾವನೆಗೆ ಹಾಡಬಹುದು. 'ಜಾನಪದ ಜಂಗಮ' ಎಂದೇ ಹೆಸರಾದ ಎಸ್.ಕೆ. ಕರೀಂಖಾನ್ ಊರೂರು ಅಲೆದು ಜನಪದ ಗೀತೆಗಳನ್ನು ಸಂಗ್ರಹಿಸಿದರು. ಆದರೆ ಪುಸ್ತಕದಲ್ಲಿ ಪದಗಳಷ್ಟೇ ಉಳಿಯುತ್ತವೆ. ಧಾಟಿ ಉಳಿಯಬೇಕಾದರೆ ಯಾರಾದರೂ ಹಾಡಬೇಕು, ಯಾರಾದರೂ ಕೇಳಬೇಕು.

ಮೂರನೆಯದು ಸಮುದಾಯ ರೇಡಿಯೊ. ಕೋಲಾರ ಜಿಲ್ಲೆಯ ಬೂದಿಕೋಟೆ ಹೈದರಾಲಿ ಹುಟ್ಟಿದ ಊರೆಂದು ನಮಗೆ ಗೊತ್ತು. ಅಲ್ಲಿನ 'ನಮ್ಮ ಧ್ವನಿ' ಕೇಂದ್ರ, ಹಳ್ಳಿಯವರಿಗೆ ರೇಡಿಯೊ ಪರವಾನಗಿ ಸಿಗದಿದ್ದ ಕಾಲದಲ್ಲಿ, ಕೇಬಲ್ ತಂತಿಯ ಮೂಲಕ ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿತು. ಶಿಕ್ಷಣ ಸಂಸ್ಥೆಗಳಿಗೆ 2002ರಲ್ಲಿ, ಸ್ವಯಂಸೇವಾ ಸಂಸ್ಥೆಗಳಿಗೆ 2006ರಲ್ಲಿ ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತು. ಜಯನಗರದ ರೇಡಿಯೊ ಆಕ್ಟಿವ್ 90.4 ಶುರುವಾದದ್ದು 2007ರಲ್ಲಿ. ಇಂಥ ಕೇಂದ್ರಗಳಿಗೆ ಹರಾಜಿಲ್ಲ, ಲಾಭದ ಉದ್ದೇಶವಿಲ್ಲ, ಜಾಹೀರಾತಿಗೆ ಗಂಟೆಗೆ ಇಷ್ಟೇ ನಿಮಿಷ ಎಂಬ ಮಿತಿಯಿದೆ. ಕಾರ್ಯಕ್ರಮಗಳಲ್ಲಿ ಕನಿಷ್ಠ 50 ಶೇಕಡಾ ಸ್ಥಳೀಯರು ಸೇರಿ ಮಾಡಿದ್ದಾಗಿರಬೇಕು. ಆದರೆ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮಾತ್ರ. ನಮ್ಮ ಯಲಹಂಕದಲ್ಲಿ ದೂರದೇಶಗಳಿಗಾಗಿ ಸ್ಥಾಪಿಸಿದ ಆಕಾಶವಾಣಿಯ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಒಂದರ ಶಕ್ತಿ 500 ಕಿಲೋವ್ಯಾಟ್, ಅಂದರೆ ಇದರ 5,000 ಪಟ್ಟು! ಹಾಗಾಗಿ ಸಮುದಾಯ ರೇಡಿಯೊ ಕೆಲವೇ ಕಿಲೋಮೀಟರ್ ತಲುಪುತ್ತದೆ. ಜಯನಗರದ ಕೇಂದ್ರ ಯಲಹಂಕದವರೆಗೆ ಕೇಳಿಸುವುದು ಕಷ್ಟ. ಪ್ರತಿ ಪ್ರದೇಶಕ್ಕೂ ತನ್ನದೇ ಕೇಂದ್ರ ಬೇಕು.

ಇದು ಕನ್ನಡಕ್ಕೆ ಮಾತ್ರ ಸೇರಿದ ವಿಷಯವಲ್ಲ. ನಮ್ಮ ಮನೆಮಾತು ಉರ್ದು. ಬಿಜಾಪುರದ ಸೂಫಿಗಳ ಕಾಲದಿಂದ ದಖನಿಯಲ್ಲಿ 'ಚಕ್ಕೀನಾಮಾ' ಎಂಬ ಹಾಡುಗಳಿವೆ. ಚಕ್ಕಿ ಎಂದರೆ ಬೀಸುವ ಕಲ್ಲು. ಕನ್ನಡದ ಬೀಸುವ ಪದಗಳಂತೆಯೇ ಹೆಂಗಸರು ಹಿಟ್ಟು ಬೀಸುತ್ತಾ ಇವನ್ನು ಹಾಡುತ್ತಿದ್ದರು, ಜೊತೆಗೆ ದೇವರ ಸ್ಮರಣೆಯನ್ನೂ ಮಾಡುತ್ತಿದ್ದರು. ಹಿಟ್ಟಿನ ಗಿರಣಿ ಬಂದ ಮೇಲೆ ಎರಡೂ ಭಾಷೆಯ ಹಾಡುಗಳಿಗೆ ಹೊತ್ತೇ ಇಲ್ಲದಾಯಿತು. ಎರಡಕ್ಕೂ ಜಾಹೀರಾತುದಾರರಿಲ್ಲ.

ನಾವು ಮಾಡಬಹುದಾದದ್ದು ಇದೆ. ಆಕಾಶವಾಣಿ ಬೆಂಗಳೂರು ಮಧ್ಯಮ ತರಂಗದಲ್ಲಿ 612 ಕಿಲೋಹರ್ಟ್ಸ್‌ನಲ್ಲಿದೆ, ಮೊಬೈಲಿನಲ್ಲಿ 'ನ್ಯೂಸ್ ಆನ್ ಏರ್' ಆ್ಯಪ್‌ನಲ್ಲೂ ಸಿಗುತ್ತದೆ. ಸಮುದಾಯ ರೇಡಿಯೊಗೆ ಕಾಲೇಜುಗಳೂ ಅರ್ಜಿ ಹಾಕಬಹುದು. ಅದು ದೊಡ್ಡ ಕೆಲಸ, ಹಿರಿಯರು ಯೋಚಿಸಬೇಕಾದದ್ದು. ಅಲ್ಲಿಯವರೆಗೆ ನಮ್ಮ ಮನೆಗಳ ಅಜ್ಜಿಯರು, ನಾನಿಯರು, ದಾದಿಯರು ಬಲ್ಲ ಹಾಡುಗಳನ್ನು ಅವರ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ದಾಖಲಿಸೋಣ. ಹಾಡಿದವರ ಊರು, ಹಾಡುತ್ತಿದ್ದ ಸಂದರ್ಭವನ್ನೂ ಬರೆದಿಡೋಣ. ಇದಕ್ಕೆ ಖರ್ಚು ಏನೂ ಇಲ್ಲ.