ಪ್ರಸ್ತಾರವೂ ನಷ್ಟೋದ್ದಿಷ್ಟಗಳೂ

ಛಂದಶ್ಶಾಸ್ತ್ರದ ಷಟ್ಪ್ರತ್ಯಯ ಪ್ರಕರಣವು ಬರಿಯ ಲೆಕ್ಕದ ವಿನೋದವೆಂದು ಉಪೇಕ್ಷಿಸಲ್ಪಡುವುದುಂಟು. ಪಿಂಗಲನ ಸೂತ್ರಗಳಲ್ಲಿ ಸಂಗ್ರಹವಾಗಿ ಉಕ್ತವಾಗಿ, ಕನ್ನಡದಲ್ಲಿ ಒಂದನೆಯ ನಾಗವರ್ಮನ ಛಂದೋಂಬುಧಿಯಲ್ಲಿಯೂ ನಿರೂಪಿತವಾದ ಈ ಪ್ರಕರಣದ ಪ್ರಯೋಜನವು ವಿಚಾರಾರ್ಹವಾಗಿದೆ.

ಪ್ರಸ್ತಾರವೆಂದರೆ ಗುರುಲಘುಗಳ ಸಕಲ ಸಂಯೋಗಗಳನ್ನೂ ಕ್ರಮದಿಂದ ಹರಡುವುದು. ಮೊದಲ ಪಂಕ್ತಿಯಲ್ಲಿ ಎಲ್ಲವೂ ಗುರು. ಅಲ್ಲಿಂದ ಮುಂದೆ, ಮೇಲಿನ ಪಂಕ್ತಿಯಲ್ಲಿ ಎಡದಿಂದ ಮೊದಲು ದೊರೆತ ಗುರುವಿನ ಕೆಳಗೆ ಲಘುವನ್ನು ಬರೆದು, ಅದರ ಬಲಕ್ಕೆ ಮೇಲಿದ್ದಂತೆಯೇ ಇರಿಸಿ, ಎಡಕ್ಕೆ ಗುರುಗಳನ್ನು ತುಂಬಬೇಕು. ಎಲ್ಲವೂ ಲಘುವಾದಾಗ ಪ್ರಸ್ತಾರವು ಮುಗಿಯುವುದು. ಮೂರಕ್ಷರಗಳಿಗೆ ಹೀಗೆ ಮಾಡಲು ಮ, ಯ, ರ, ಸ, ತ, ಜ, ಭ, ನ ಎಂಬ ಎಂಟು ಗಣಗಳೂ ಇದೇ ಕ್ರಮದಲ್ಲಿ ಹುಟ್ಟುವುವು.

ಅಕ್ಷರವೊಂದು ಹೆಚ್ಚಿದಂತೆಲ್ಲ ಪಂಕ್ತಿಗಳು ಇಮ್ಮಡಿಯಾಗುವುವು. ಹತ್ತೊಂಬತ್ತಕ್ಷರಗಳಿಗೆ 5,24,288; ಇಪ್ಪತ್ತಾರಕ್ಕೆ 6,71,08,864. ಇಷ್ಟನ್ನು ಬರೆದು ಮುಗಿಸುವುದು ಯಾವ ಲಿಪಿಕಾರನಿಗೂ ಅಳವಲ್ಲ. ನಷ್ಟೋದ್ದಿಷ್ಟಗಳ ಅವಶ್ಯಕತೆಯು ಇಲ್ಲಿಯೇ ತೋರುವುದು.

ನಷ್ಟದಲ್ಲಿ ಪಂಕ್ತಿಯ ಸಂಖ್ಯೆಯಿಂದ ಅದರ ರೂಪವನ್ನು ಪಡೆಯುವರು. ಸಂಖ್ಯೆಯು ಸಮವಾದರೆ ಲಘುವನ್ನು ಬರೆದು ಅರ್ಧಿಸಬೇಕು. ವಿಷಮವಾದರೆ ಗುರುವನ್ನು ಬರೆದು, ಒಂದನ್ನು ಕೂಡಿಸಿ ಅರ್ಧಿಸಬೇಕು. ಆರನೆಯ ಪಂಕ್ತಿಗೆ 6, 3, 2 ಎಂದು ನಡೆದು ಲಘು, ಗುರು, ಲಘು, ಅಂದರೆ ಜಗಣವು ದೊರೆಯುವುದು. ಉದ್ದಿಷ್ಟವು ಇದರ ವಿಲೋಮ: ಅಕ್ಷರಗಳ ಮೇಲೆ 1, 2, 4, 8 ಎಂದು ಇಮ್ಮಡಿಸುತ್ತ ಬರೆದು, ಲಘುಗಳ ಮೇಲಿನ ಅಂಕಗಳನ್ನು ಕೂಡಿಸಿ ಒಂದನ್ನು ಸೇರಿಸುವುದು. ಖ್ಯಾತಕರ್ಣಾಟಕಗಳಲ್ಲೊಂದಾದ ಶಾರ್ದೂಲವಿಕ್ರೀಡಿತಕ್ಕೆ ಮ, ಸ, ಜ, ಸ, ತ, ತ ಎಂಬ ಗಣಗಳೂ ಕಡೆಗೊಂದು ಗುರುವೂ ಲಕ್ಷಣ. ಅದರ ಲಘುಗಳು 4, 5, 7, 9, 10, 11, 15, 18ನೆಯ ಸ್ಥಾನಗಳಲ್ಲಿರುವುದರಿಂದ ಅದು 1,49,337ನೆಯ ವೃತ್ತವಾಗುವುದು.

ಎಂಟೇ ಲಘುಗಳುಳ್ಳ ಇಂತಹ ವೃತ್ತಗಳೆಷ್ಟೆಂಬುದಕ್ಕೆ ಲಗಕ್ರಿಯೆಯು ಉತ್ತರ. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಹೇಳಿದ ಸಂಯೋಗವಿಧಿಯಂತೆ, 19ರಿಂದ 12ರವರೆಗಿನ ಅಂಕಗಳ ಗುಣಲಬ್ಧವನ್ನು 1ರಿಂದ 8ರವರೆಗಿನವುಗಳ ಗುಣಲಬ್ಧದಿಂದ ಭಾಗಿಸಲು 75,582 ಬರುವುದು.

ಇಂದಿನ ಗಣಕಯಂತ್ರದ ಭಾಷೆಗಳಲ್ಲಿ, ಕಾರ್ಯಾರಂಭಕ್ಕೆ ಮೊದಲೇ ಮ್ಯಾಕ್ರೋ ಎಂಬ ಸಂಕ್ಷಿಪ್ತ ಸೂತ್ರವನ್ನು ವಿಸ್ತರಿಸಿ ಸಂಯೋಗಗಳನ್ನೆಲ್ಲ ಬರೆದಿಡುವುದು ಪ್ರಸ್ತಾರಕ್ಕೆ ಸದೃಶ. ಬೇಕಾದುದೊಂದನ್ನೇ ಅದರ ಸಂಖ್ಯೆಯಿಂದ ಪಡೆಯುವುದು ನಷ್ಟಕ್ಕೆ ಸದೃಶ. ಇಮ್ಮಡಿಯಾಗುವ ಭಾರವು ಅಲ್ಲಿಯೂ ತಪ್ಪಿದುದಲ್ಲ.

ಸಾಹಿತ್ಯಾಭ್ಯಾಸಿಗೆ ಇದರಿಂದ ಬೇರೊಂದು ಲಾಭವುಂಟು. ಲಕ್ಷಣಪದ್ಯದಲ್ಲಿ ಲಿಪಿಕಾರನು ಒಂದು ಗಣವನ್ನು ತಪ್ಪಿ ಬರೆದರೂ ವೃತ್ತಸಂಖ್ಯೆಯು ಬೇರೆಯಾಗುವುದು. ಲಕ್ಷಣವೂ ಸಂಖ್ಯೆಯೂ ಎರಡೂ ಉಳಿದು ಬಂದಿರುವೆಡೆಯಲ್ಲಿ ಒಂದು ಮತ್ತೊಂದಕ್ಕೆ ಸಾಕ್ಷಿಯಾಗಿ ನಿಲ್ಲುವುದು. ಆದುದರಿಂದ ಷಟ್ಪ್ರತ್ಯಯವು ವಿನೋದಮಾತ್ರವಲ್ಲ, ಪಾಠಶೋಧನೆಗೂ ಸಾಧನವೆಂದು ಗ್ರಹಿಸತಕ್ಕದ್ದು.