ನಾಗಪುರ ನಿಲ್ದಾಣದಲ್ಲಿ ಸಿಕ್ಕ ಮಕ್ಕಳು, ಊರಲ್ಲಿ ಕಾದಿರುವ ಮನೆಗಳು

ನಾಗಪುರ: 2011ರಲ್ಲಿ ಇಲ್ಲಿನ ರೈಲು ನಿಲ್ದಾಣದಲ್ಲಿ ಸುಮಾರು ಎಂಟು ವರ್ಷದ ಬಾಲಕನೊಬ್ಬ ಒಬ್ಬಂಟಿಯಾಗಿ ಪೊಲೀಸರ ಕಣ್ಣಿಗೆ ಬಿದ್ದ. ಬುದ್ಧಿ ಬೆಳವಣಿಗೆ ಕುಂಠಿತವಾಗಿದ್ದ ಆತನಿಗೆ ಸರಿಯಾಗಿ ಮಾತೂ ಬರುತ್ತಿರಲಿಲ್ಲ. ಯಾವ ಊರು, ತಂದೆಯ ಹೆಸರೇನು ಎಂದು ಕೇಳಿದವರಿಗೆಲ್ಲ ಸಿಗುತ್ತಿದ್ದುದು ‘ಅಮ್ಮಾ’ ಎಂಬ ಒಂದೇ ಮಾತು. ನಗರದ ಅನಾಥಾಶ್ರಮವೊಂದಕ್ಕೆ ಆತನನ್ನು ಒಪ್ಪಿಸಲಾಯಿತು. ಆ ‘ಅಮ್ಮಾ’ ಎಂಬ ಕೂಗಿಗೆ ಹತ್ತಿರವಾದ ಹೆಸರೊಂದನ್ನೇ ಆತನಿಗೆ ಇಡಲಾಯಿತು.

2015ರಲ್ಲಿ ಆ ಆಶ್ರಮ ಮುಚ್ಚಿತು. ಹೋಗಲು ಬೇರೆ ಜಾಗವಿಲ್ಲದ ಬಾಲಕನನ್ನು ಆಶ್ರಮ ನಡೆಸುತ್ತಿದ್ದ ಕುಟುಂಬವೇ ಮನೆಗೆ ಕರೆದೊಯ್ದು ಮಗನಂತೆ ಸಾಕಿತು. ಶಾಲೆಗೆ ಆಧಾರ್ ಸಂಖ್ಯೆ ಬೇಕಾದಾಗ ನೋಂದಣಿಗೆ ಪ್ರಯತ್ನಿಸಿದರೆ ಅರ್ಜಿ ಮತ್ತೆ ಮತ್ತೆ ತಿರಸ್ಕೃತವಾಯಿತು. ಕಾರಣ ತಿಳಿಯಲು ಮಾನ್ಕಾಪುರದ ಆಧಾರ್ ಸೇವಾ ಕೇಂದ್ರಕ್ಕೆ ಹೋದಾಗ, ಅದೇ ಬೆರಳಚ್ಚಿಗೆ 2011ರಲ್ಲೇ ಬೇರೊಂದು ಹೆಸರಿನಲ್ಲಿ ಸಂಖ್ಯೆ ನೀಡಿರುವುದು ಬೆಳಕಿಗೆ ಬಂತು. ವಿಳಾಸ ಮಧ್ಯಪ್ರದೇಶದ ಜಬಲ್‌ಪುರದ್ದು. ಹೆತ್ತವರು ಅಲ್ಲಿ ಪೊಲೀಸ್ ದೂರು ಕೊಟ್ಟು, ಹುಡುಕಿ ಹುಡುಕಿ ಸೋತಿದ್ದರು. 2021ರ ಜೂನ್ 30ರಂದು ಆತ ಅವರ ಮಡಿಲು ಸೇರಿದ. ಆಗ ಆತನಿಗೆ ಹದಿನೆಂಟು ವರ್ಷ.

ನಾಗಪುರಕ್ಕೂ ಜಬಲ್‌ಪುರಕ್ಕೂ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರ್ ಕೂಡ ಇಲ್ಲ. ಆ ದೂರವನ್ನು ದಾಟಲು ಒಂದು ಮಗುವಿಗೆ ಹತ್ತು ವರ್ಷ ಬೇಕಾಯಿತು.

ಇಂಥದ್ದೇ ಇನ್ನೊಂದು ಪ್ರಕರಣವೂ ಇದೇ ನಿಲ್ದಾಣದ್ದು. 2016ರ ನವೆಂಬರ್ 28ರಂದು ಇಲ್ಲಿ ಸಿಕ್ಕಿದ ಹದಿನೈದರ ವಿಶೇಷಚೇತನ ಹುಡುಗ ಸರಕಾರಿ ಬಾಲಗೃಹದಲ್ಲಿ ಬೇರೆ ಹೆಸರಿನಿಂದ ಬೆಳೆದ. 2022ರ ಜುಲೈಯಲ್ಲಿ ಆಧಾರ್ ಮಾಡಿಸಲು ಹೋದಾಗ ಆತನ ಮೂಲ ಬಿಹಾರದ ಖಗಡಿಯಾ ಜಿಲ್ಲೆಯೆಂದು ತಿಳಿದು, ಮರುತಿಂಗಳೇ ತಾಯಿಯನ್ನು ಸೇರಿದ. ಆತನಿಗೆ ಹಿಡಿದದ್ದು ಆರು ವರ್ಷ.

ಸಿಕ್ಕವರು ಕೆಲವರು, ಸಿಗದವರ ಲೆಕ್ಕ ಬೇರೆ

ಈ ಎರಡೂ ಪ್ರಕರಣಗಳು ಸುಖಾಂತ್ಯ ಕಂಡದ್ದಕ್ಕೆ ಯಾರ ತನಿಖೆಯೂ ಕಾರಣವಲ್ಲ. ಕಾಣೆಯಾಗುವ ಮೊದಲೇ ಬೆರಳಚ್ಚು ಕೊಟ್ಟಿದ್ದರೆಂಬ ಆಕಸ್ಮಿಕವೇ ಕಾರಣ. ಐದು ವರ್ಷದೊಳಗಿನ ಮಕ್ಕಳ ಆಧಾರ್‌ಗೆ ಭಾವಚಿತ್ರ ಮಾತ್ರ ಸಾಕು. ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತನ್ನು ಐದು ತುಂಬಿದ ಮೇಲೆ ಕೊಡಬೇಕು, ಹದಿನೈದಕ್ಕೆ ಮತ್ತೊಮ್ಮೆ ನವೀಕರಿಸಬೇಕು. ಇದನ್ನು ಮಾಡಿಸದ ಮಗು ಕಾಣೆಯಾದರೆ ಈ ಬಾಗಿಲೂ ಮುಚ್ಚಿದಂತೆಯೇ. ಕಾಣೆಯಾದವರನ್ನು ಹುಡುಕಲೆಂದು ಪೊಲೀಸರು ಆ ಬೆರಳಚ್ಚಿನ ಸಂಗ್ರಹವನ್ನು ನೇರವಾಗಿ ಜಾಲಾಡಲು ಕಾನೂನು ಅವಕಾಶ ಕೊಡುವುದಿಲ್ಲ. ಯಾರಾದರೂ ಆ ಮಗುವಿಗೆ ಮತ್ತೊಮ್ಮೆ ನೋಂದಣಿ ಮಾಡಿಸಲು ಹೋಗಬೇಕು, ಅರ್ಜಿ ತಿರಸ್ಕೃತವಾಗಬೇಕು, ಏಕೆಂದು ಕೇಳುವ ತಾಳ್ಮೆಯ ಸಿಬ್ಬಂದಿ ಅಲ್ಲಿರಬೇಕು.

ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 2022ರಲ್ಲಿ ದೇಶದಲ್ಲಿ 83,350 ಮಕ್ಕಳು ಕಾಣೆಯಾದರು. ಇವರಲ್ಲಿ 62,946 ಮಂದಿ ಹೆಣ್ಣುಮಕ್ಕಳು. ಅದೇ ವರ್ಷ ಪತ್ತೆಯಾದವರು 80,561. ಅಂತರ ಸಣ್ಣದೆಂದು ಕಾಣಬಹುದು. ಆದರೆ ಪತ್ತೆಯಾದವರಲ್ಲಿ ಹಿಂದಿನ ವರ್ಷಗಳ ಮಕ್ಕಳೂ ಸೇರಿದ್ದಾರೆ, ಸಿಗದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಮೇಲೇರುತ್ತಾ ಹೋಗುತ್ತದೆ.

ರೈಲ್ವೆ ರಕ್ಷಣಾ ಪಡೆ ‘ನನ್ಹೇ ಫರಿಶ್ತೇ’ ಕಾರ್ಯಾಚರಣೆಯಲ್ಲಿ 2018ರಿಂದ 2024ರ ಮೇ ತನಕ ರೈಲು ಮತ್ತು ನಿಲ್ದಾಣಗಳಲ್ಲಿ ರಕ್ಷಿಸಿದ ಮಕ್ಕಳು 84,119. ಮುಂಬಯಿ–ಹೌರಾ ಮತ್ತು ದೆಹಲಿ–ಚೆನ್ನೈ ಹಳಿಗಳು ಸಂಧಿಸುವ ನಾಗಪುರದಂಥ ಜಂಕ್ಷನ್ನಿನಲ್ಲಿ, ತಪ್ಪಿಸಿಕೊಂಡ ಮಗು ಯಾವ ದಿಕ್ಕಿನಿಂದ ಬಂತೆಂದು ಊಹಿಸುವುದೇ ಕಷ್ಟ. ಬೆಂಗಳೂರು ಕಡೆಯಿಂದ ದೆಹಲಿಗೆ ಹೋಗುವ ಕರ್ನಾಟಕ ಸಂಪರ್ಕ ಕ್ರಾಂತಿ, ಪಾಟ್ನಾ ಕಡೆಗೆ ಹೋಗುವ ಸಂಘಮಿತ್ರ ರೈಲುಗಳೂ ಇದೇ ದಾರಿಯಲ್ಲಿ ಸಾಗುತ್ತವೆ ಎಂಬುದನ್ನು ಕನ್ನಡಿಗರು ಮರೆಯುವಂತಿಲ್ಲ.

ಸತ್ತವರಿಗೆ ತಿಥಿಯಿದೆ

ಸತ್ತವರಿಗೆ ತಿಥಿಯಿದೆ, ಕಾಣೆಯಾದವರಿಗೆ ಅದೂ ಇಲ್ಲ. ಏಳು ವರ್ಷ ಸುದ್ದಿಯೇ ಇಲ್ಲದ ವ್ಯಕ್ತಿ ಬದುಕಿದ್ದಾನೆಂದು ಹೇಳುವವರೇ ಅದನ್ನು ರುಜುವಾತುಪಡಿಸಬೇಕೆಂಬುದು ಹಳೆಯ ಸಾಕ್ಷ್ಯ ಕಾಯಿದೆಯ 108ನೇ ಕಲಮು; ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು ಮುಂದುವರಿದಿದೆ. ಆಸ್ತಿ, ವಿಮೆಯ ವ್ಯವಹಾರಕ್ಕೆ ಇದು ಬೇಕಾದೀತು. ಆದರೆ ಜಬಲ್‌ಪುರದ ಮಗ ಹಿಂತಿರುಗಿದ್ದು ಹತ್ತನೇ ವರ್ಷದಲ್ಲಿ. ಕಾಗದದ ಲೆಕ್ಕ ಹಿಡಿದಿದ್ದರೆ ಮೂರು ವರ್ಷ ಮೊದಲೇ ಆತನನ್ನು ಸತ್ತವರ ಸಾಲಿಗೆ ಸೇರಿಸಬಹುದಿತ್ತು.

ಒಂದು ಕಾಲದಲ್ಲಿ ಮಗು ಕಾಣೆಯಾದ ದೂರಿಗೆ ಠಾಣೆಗಳಲ್ಲಿ ಬೆಲೆಯೇ ಇರಲಿಲ್ಲ. ‘ಎಲ್ಲೋ ಆಡಲು ಹೋಗಿರಬೇಕು, ನಾಳೆ ಬನ್ನಿ’ ಎಂಬ ಉತ್ತರ ಸಾಮಾನ್ಯವಾಗಿತ್ತು. 2006ರ ಡಿಸೆಂಬರಿನಲ್ಲಿ ನೋಯ್ಡಾದ ನಿಠಾರಿಯಲ್ಲಿ ಮಕ್ಕಳ ಅಸ್ಥಿಗಳು ಪತ್ತೆಯಾದಾಗ, ಬಡ ತಂದೆತಾಯಿ ಕೊಟ್ಟ ದೂರುಗಳನ್ನು ಎಷ್ಟು ಹಗುರವಾಗಿ ಕಾಣಲಾಗಿತ್ತೆಂಬುದು ದೇಶಕ್ಕೆಲ್ಲ ತಿಳಿಯಿತು. ಬಚಪನ್ ಬಚಾವೊ ಆಂದೋಲನ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಮೇ 10ರಂದು ಕೊಟ್ಟ ಆದೇಶ ಈ ಚಾಳಿಗೆ ಕಡಿವಾಣ ಹಾಕಿತು. ಕಾಣೆಯಾದ ಪ್ರತಿ ಮಗುವಿನ ದೂರನ್ನೂ ಎಫ್‌ಐಆರ್ ಆಗಿಯೇ ದಾಖಲಿಸಬೇಕು, ಅಪಹರಣ ಅಥವಾ ಮಾನವ ಕಳ್ಳಸಾಗಣೆ ನಡೆದಿರಬಹುದೆಂದು ಭಾವಿಸಿಯೇ ತನಿಖೆ ಆರಂಭಿಸಬೇಕು ಎಂದು ನ್ಯಾಯಾಲಯ ಹೇಳಿತು. ನಾಲ್ಕು ತಿಂಗಳಲ್ಲಿ ಮಗು ಪತ್ತೆಯಾಗದಿದ್ದರೆ ಪ್ರಕರಣ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. 24 ಗಂಟೆ ಕಾದು ದೂರು ಕೊಡಬೇಕೆಂಬುದು ಜನರ ಬಾಯಲ್ಲಿರುವ ಮಾತೇ ಹೊರತು ಕಾನೂನಲ್ಲ.

‘ಅಪ್ಪೆ’ ಎಂದರೆ ಅಪ್ಪನಲ್ಲ

ಕಾನೂನು ಇಷ್ಟೆಲ್ಲ ಇದ್ದರೂ ಸಿಕ್ಕ ಮಗುವಿನ ಮಾತೇ ಅರ್ಥವಾಗದಿದ್ದರೆ ಏನು ಮಾಡುವುದು? ಮಧ್ಯಪ್ರದೇಶದ ಖಂಡ್ವಾದ ಸರೂ ಬ್ರಿಯರ್ಲಿಯ ಕತೆ ಇದಕ್ಕೆ ಜಗತ್ಪ್ರಸಿದ್ಧ ಉದಾಹರಣೆ. 1986ರಲ್ಲಿ ಐದರ ಹರೆಯದ ಆತ ಬುರ್ಹಾನ್‌ಪುರದಲ್ಲಿ ರೈಲಿನಲ್ಲಿ ನಿದ್ದೆ ಹೋಗಿ ಕಲ್ಕತ್ತಾ ತಲುಪಿದ. ತನ್ನ ‘ಗಣೇಶ ತಲಾಯಿ’ ಬಡಾವಣೆಯನ್ನು ‘ಗಿನೆಸ್ತ್‌ಲೇ’ ಎಂದ. ಶೇರು ಎಂಬ ಸ್ವಂತ ಹೆಸರೇ ಸರೂ ಎಂದಾಗಿತ್ತು. ಬಂಗಾಳದಲ್ಲಿ ಯಾರಿಗೂ ಊರು ಗುರುತಾಗಲಿಲ್ಲ. ಆಸ್ಟ್ರೇಲಿಯಾದ ದಂಪತಿ ದತ್ತು ಪಡೆದರು. 25 ವರ್ಷಗಳ ಬಳಿಕ ಗೂಗಲ್ ಅರ್ಥ್‌ನಲ್ಲಿ ಹಳಿಗಳ ಜಾಡು ಹಿಡಿದು ತಾನೇ ಊರನ್ನು ಕಂಡುಕೊಂಡು, 2012ರಲ್ಲಿ ತಾಯಿಯನ್ನು ಸೇರಿದ. ಮಗ ಬಂದೇ ಬರುತ್ತಾನೆಂದು ತಾಯಿ ಆ ಬಡಾವಣೆಯನ್ನು ಬಿಟ್ಟು ಹೋಗಿರಲಿಲ್ಲ. 2016ರ ‘ಲಯನ್’ ಚಲನಚಿತ್ರ ಈ ಕತೆಯನ್ನೇ ಆಧರಿಸಿದ್ದು.

ಕರ್ನಾಟಕದ ಮಗುವೊಂದು ನಾಗಪುರದಲ್ಲಿ ಸಿಕ್ಕಿತೆಂದುಕೊಳ್ಳೋಣ. ಕಲಬುರಗಿ ಕಡೆಯ ಮಗು ‘ಯವ್ವಾ’ ಎಂದೀತು. ಲಂಬಾಣಿ ತಾಂಡಾದ ಮಗುವಿಗೆ ತಾಯಿ ‘ಯಾಡಿ’. ತುಳುವರ ಮಗು ‘ಅಪ್ಪೆ’ ಎಂದು ಅತ್ತರೆ ಅದು ಅಪ್ಪನನ್ನು ಕರೆಯುತ್ತಿದೆಯೆಂದು ಇಲ್ಲಿನವರು ಬರೆದುಕೊಂಡಾರು. ತುಳುವಿನಲ್ಲಿ ಅದು ಅಮ್ಮ. ಬ್ಯಾರಿ ಮನೆಯ ಮಗುವಾದರೆ ‘ಉಮ್ಮ’. ರಾಗಿ ಮುದ್ದೆ ಕೇಳುವ ಮಗು ಯಾವ ಸೀಮೆಯದು, ಜೋಳದ ರೊಟ್ಟಿಗೆ ಪುಂಡಿಪಲ್ಯ ಕೇಳುವುದು ಯಾವ ಕಡೆಯದು, ಕುಚ್ಚಿಲಕ್ಕಿ ಗಂಜಿ ಕೇಳುವುದು ಎಲ್ಲಿಯದು ಎಂಬುದು ಕನ್ನಡಿಗರಿಗೆ ತಕ್ಷಣ ಹೊಳೆಯುತ್ತದೆ. ಹೊಸಳ್ಳಿ ಎಂಬ ಊರು ನಾಡಿನ ತುಂಬ ಇದೆ. ಯಾವ ಹೊಸಳ್ಳಿ ಎಂದು ಬಿಡಿಸಿಕೊಳ್ಳಲು ಜಾತ್ರೆ, ದೇವರು, ಸಂತೆ, ಬಸ್ಸು ಇವುಗಳ ಬಗ್ಗೆ ಮಗುವಿನ ಭಾಷೆಯಲ್ಲೇ ವಿಚಾರಿಸಬೇಕು. ಇದು ದುಭಾಷಿಯ ಪದಕೋಶದಿಂದ ಆಗುವ ಕೆಲಸವಲ್ಲ.

ಇದರ ಹಿಂದೆ ಇನ್ನೂ ಗಂಭೀರ ವಿಷಯವಿದೆ. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹೆತ್ತವರು ಪತ್ತೆಯಾಗದಿದ್ದರೆ ಎರಡು ವರ್ಷದೊಳಗಿನ ಮಗುವನ್ನು ಎರಡು ತಿಂಗಳಲ್ಲಿ, ಅದಕ್ಕಿಂತ ದೊಡ್ಡದನ್ನು ನಾಲ್ಕು ತಿಂಗಳಲ್ಲಿ ದತ್ತಕಕ್ಕೆ ಅರ್ಹವೆಂದು ಸಮಿತಿ ಘೋಷಿಸಬಹುದು. ಅದಕ್ಕೆ ಮುನ್ನ ಪತ್ರಿಕೆಯಲ್ಲಿ ಭಾವಚಿತ್ರ ಸಹಿತ ಪ್ರಕಟಣೆ ಕೊಡಬೇಕು. ಮಗು ಬೇರೆ ರಾಜ್ಯದ್ದೆಂದು ತಿಳಿದಿದ್ದರೆ ಅಲ್ಲಿನ ಭಾಷೆಯಲ್ಲಿ ಅಲ್ಲಿಯೇ ಪ್ರಕಟಿಸಬೇಕೆಂದು ದತ್ತಕ ನಿಯಮಗಳು ಹೇಳುತ್ತವೆ. ಆದರೆ ಮಗು ಕನ್ನಡದ್ದೆಂಬುದೇ ತಿಳಿಯದಿದ್ದರೆ ಆ ಪ್ರಕಟಣೆ ಕನ್ನಡ ಪತ್ರಿಕೆಗೆ ಬರುವುದು ಹೇಗೆ? ಊರಲ್ಲಿ ತಾಯಿ ಠಾಣೆಯ ಮೆಟ್ಟಿಲು ಹತ್ತಿಳಿಯುತ್ತಿರುವಾಗಲೇ ಇಲ್ಲಿ ಮಗು ‘ಯಾರೂ ಇಲ್ಲದ್ದು’ ಎಂದಾಗಿಬಿಡುವ ಅಪಾಯವಿದೆ.

ಸಂಘಗಳು ಮಾಡಬಹುದಾದದ್ದು

ಭಾಷಾಂತರಕಾರರ ಪಟ್ಟಿಯೊಂದನ್ನು ಇಟ್ಟುಕೊಳ್ಳುವುದು ಪ್ರತಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕರ್ತವ್ಯಗಳಲ್ಲಿ ಒಂದು. ಹೊರನಾಡಿನ ಕನ್ನಡ ಸಂಘಗಳು ತಮ್ಮಲ್ಲಿನ ನಾಲ್ಕಾರು ಸದಸ್ಯರ ಹೆಸರನ್ನು ಈ ಪಟ್ಟಿಗೆ ಕೊಡಬಹುದು. ಉತ್ತರ ಕರ್ನಾಟಕದವರೊಬ್ಬರು, ಹಳೆ ಮೈಸೂರಿನವರೊಬ್ಬರು, ತುಳು, ಕೊಂಕಣಿ, ಬ್ಯಾರಿ, ಲಂಬಾಣಿ ಬಲ್ಲವರೊಬ್ಬೊಬ್ಬರು ಸಿಕ್ಕರೆ ಸಾಕು. ಮಕ್ಕಳೊಂದಿಗೆ ಸಲೀಸಾಗಿ ಬೆರೆಯುವ ನಿವೃತ್ತ ಶಿಕ್ಷಕಿಯರು, ಗೃಹಿಣಿಯರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ರಾಜ್ಯೋತ್ಸವ, ಯುಗಾದಿ, ಯಕ್ಷಗಾನಗಳ ಜೊತೆಗೆ ಸಂಘದ ವಾರ್ಷಿಕ ಕಾರ್ಯಕ್ರಮಗಳಲ್ಲಿ ಇದಕ್ಕೂ ಒಂದು ಜಾಗವಿರಲಿ. ಖರ್ಚಿಲ್ಲದ ಕೆಲಸವಿದು.

ನಿಲ್ದಾಣದಲ್ಲೋ ರಸ್ತೆಯಲ್ಲೋ ಒಂಟಿ ಮಗು ಕಂಡರೆ 1098 ಸಂಖ್ಯೆಗೆ ಕರೆ ಮಾಡಬೇಕು. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಈ ಮಕ್ಕಳ ಸಹಾಯವಾಣಿಯನ್ನು 2023ರಲ್ಲಿ ಸರಕಾರವೇ ವಹಿಸಿಕೊಂಡು 112ರ ಜೊತೆ ಜೋಡಿಸಿತು. ಮಗುವನ್ನು ಮನೆಗೆ ಕರೆತಂದು ಇಟ್ಟುಕೊಳ್ಳುವುದು ದಯೆಯಂತೆ ಕಂಡರೂ ತಪ್ಪು; 24 ಗಂಟೆಯೊಳಗೆ ವರದಿ ಮಾಡುವುದು ಕಡ್ಡಾಯ. ಮಗುವಿನ ಭಾವಚಿತ್ರವನ್ನು ವಾಟ್ಸಾಪ್‌ನಲ್ಲಿ ಹರಿಯಬಿಡುವುದೂ ಸಲ್ಲದು. ರಕ್ಷಣೆಗೆ ಬಂದ ಮಗುವಿನ ಗುರುತನ್ನು ಅಧಿಕಾರವಿಲ್ಲದೆ ಬಹಿರಂಗಪಡಿಸಿದರೆ ಬಾಲ ನ್ಯಾಯ ಕಾಯಿದೆಯ 74ನೇ ಕಲಮಿನಡಿ ಆರು ತಿಂಗಳ ಸಜೆ ಅಥವಾ ಎರಡು ಲಕ್ಷ ರೂಪಾಯಿ ತನಕ ದಂಡ ಇಲ್ಲವೆ ಎರಡೂ ಆಗಬಹುದು.

ವಾಟ್ಸಾಪ್ ಸುದ್ದಿಯ ಇನ್ನೊಂದು ಮುಖವನ್ನು 2018 ತೋರಿಸಿಕೊಟ್ಟಿತು. ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸುಳ್ಳು ಸಂದೇಶಗಳಿಂದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಅಲೆಮಾರಿ ಸಮುದಾಯದ ಐವರನ್ನು ಗುಂಪು ಹೊಡೆದು ಕೊಂದಿತು. ಅದೇ ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿಯೂ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಯುವಕರ ಮೇಲೆ ಹಲ್ಲೆ ನಡೆದು ಒಬ್ಬ ಪ್ರಾಣ ಕಳೆದುಕೊಂಡ. ಗಾಬರಿಯಿಂದ ಒಂದೇ ಒಂದು ಮಗುವೂ ಮನೆ ಸೇರಲಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು

ಐದು ತುಂಬಿದ ಮಗುವಿನ ಬೆರಳಚ್ಚನ್ನು ಆಧಾರ್‌ಗೆ ಸೇರಿಸಿ, ಹದಿನೈದಕ್ಕೆ ನವೀಕರಿಸಿ. ಆರು ತಿಂಗಳಿಗೊಮ್ಮೆಯಾದರೂ ಮುಖ ಸ್ಪಷ್ಟವಾಗಿ ಕಾಣುವ ಭಾವಚಿತ್ರ ತೆಗೆದಿಡಿ; ಮಚ್ಚೆ, ಗಾಯದ ಗುರುತುಗಳನ್ನು ಬರೆದಿಡಿ. ಮಗುವಿಗೆ ತಂದೆತಾಯಿಯ ಪೂರ್ಣ ಹೆಸರು, ಬಡಾವಣೆ, ಒಂದು ದೂರವಾಣಿ ಸಂಖ್ಯೆಯನ್ನು ಕನ್ನಡದ ಜೊತೆಗೆ ಹಿಂದಿ ಅಥವಾ ಮರಾಠಿಯಲ್ಲಿಯೂ ಬಾಯಿಪಾಠ ಮಾಡಿಸಿ. ಮಾತು ಬಾರದ ಮಕ್ಕಳಿದ್ದರೆ ಸಂಖ್ಯೆ ಬರೆದ ಪದಕ ಅಥವಾ ಬಳೆ ತೊಡಿಸಿ. ಅವಘಡ ನಡೆದರೆ ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ‘ಇದು ನಮ್ಮ ಹದ್ದಲ್ಲ’ ಎಂದು ಯಾವ ಠಾಣೆಯೂ ಹಿಂದಕ್ಕೆ ಕಳಿಸುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು.

ಈಗಾಗಲೇ ಮಗುವನ್ನು ಕಳೆದುಕೊಂಡಿರುವ ಮನೆಗಳು ಹಳೆಯ ದೂರವಾಣಿ ಸಂಖ್ಯೆಯನ್ನು ಬದಲಿಸದಿರಲಿ, ಮನೆ ಬದಲಾಯಿಸಿದರೆ ಹಳೆಯ ನೆರೆಯವರಲ್ಲಿಯೂ ಠಾಣೆಯಲ್ಲಿಯೂ ಹೊಸ ವಿಳಾಸ ಇರಲಿ. ಹತ್ತು ವರ್ಷದ ಬಳಿಕವೂ ಯಾರೋ ಒಬ್ಬರು ಆ ವಿಳಾಸ ಹುಡುಕಿಕೊಂಡು ಬರಬಹುದು ಎಂಬುದಕ್ಕೆ ನಾಗಪುರದಲ್ಲಿ ಸಿಕ್ಕ ಈ ಇಬ್ಬರು ಮಕ್ಕಳೇ ಸಾಕ್ಷಿ.